ದೀಪ ಬಂದಿತು, ಸರ್ವರು ಬರಲಿಲ್ಲ

‘ಸರ್ವರ್’ ಎಂಬ ಮಾತು ಕನ್ನಡನಾಡಿಗೆ ಹೊಸದೇನಲ್ಲ. ಹೆಗಲ ಮೇಲೊಂದು ಚೌಕ, ಕಿವಿಯ ಸಂದಿಯಲ್ಲೊಂದು ಪೆನ್ಸಿಲು, ಒಂದೇ ಕೈಯಲ್ಲಿ ಆರು ಲೋಟ ಹಿಡಿದು ಮೇಜುಗಳ ನಡುವೆ ನುಸುಳಿ ಬರುವ ಹೋಟೆಲಿನ ಆಸಾಮಿಯೇ ಸರ್ವರ್. ಕರೆದರೆ ಬರುತ್ತಾನೆ, ಕೊಂಚ ತಡವಾಗಿ ಬರುತ್ತಾನೆ, ಆದರೆ ಬಾರದೆ ಇರುವುದಿಲ್ಲ. ಆದುದರಿಂದ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಊರಿನಲ್ಲಿ, ನಾಡಕಚೇರಿಯ ಕಟ್ಟೆಯ ಮೇಲೆ ಕುಳಿತ ವೃದ್ಧರೊಬ್ಬರು, “ಕರೆಂಟು ಬಂತು, ಸರ್ವರ್ ಬರ್ಲಿಲ್ಲ ಅಜ್ಜ, ನಾಳೆ ಬನ್ನಿ” ಎಂಬ ಉತ್ತರ ಕೇಳಿ, “ಒಬ್ಬ ಬರ್ಲಿಲ್ಲ ಅಂದ್ರೆ ಇನ್ನೊಬ್ಬನ್ನ ಇಟ್ಕೋಬಾರ್ದೇನಪ್ಪ?” ಎಂದರೆ ಅದರಲ್ಲಿ ನಗುವಂಥದೇನೂ ಇಲ್ಲ. ಆ ವಿದ್ಯೆಯಲ್ಲಿ ಪಳಗಿದ ಎಂಜಿನಿಯರುಗಳು ದಪ್ಪ ದಪ್ಪ ಗ್ರಂಥಗಳನ್ನು ಬರೆದು ಮುಟ್ಟಿರುವ ತೀರ್ಮಾನವೂ ಅದೇ ಅಲ್ಲವೇ?

ಹಾಗಲವಾಡಿ ಹಿಂದೊಮ್ಮೆ ಪಾಳೆಯಗಾರರ ನೆಲೆ. ಈಗ ಹೋಬಳಿಯ ಊರು. ಸುತ್ತಲೂ ತೆಂಗು, ಅಡಿಕೆ, ರಾಗಿ. ಇಂಥ ಊರಿನ ಜನ ಸರ್ವರಿನ ಹೆಸರನ್ನು ಮೊದಲು ಕೇಳಿದುದು ಪಹಣಿಯ ಸಂಬಂಧದಲ್ಲಿ. 1963ರಲ್ಲಿ ಶಾನುಭೋಗಿಕೆ ರದ್ದಾಯಿತು, ಗ್ರಾಮಲೆಕ್ಕಿಗರು ಬಂದರು, ಕಡತಗಳು ಮಾತ್ರ ಅದೇ ಕೆಂಪು ಬಟ್ಟೆಯ ಗಂಟಿನಲ್ಲಿ ಉಳಿದವು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಆ ಗಂಟು ಬಿಚ್ಚಿತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರದ ಹೊಟ್ಟೆಯನ್ನು ಸೇರಿದ್ದವು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಆ ಮೊದಲ ವರ್ಷಗಳಲ್ಲಿ ದಾಖಲೆಗಳಿದ್ದುದು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿ. ಈಗ ಅವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿವೆ. ಹಾಗಲವಾಡಿಯಲ್ಲಿ ವಿದ್ಯುತ್ತು ಹೋದರೆ ಹೋಗುವುದು ಸಂಪರ್ಕ, ಪಹಣಿಯಲ್ಲ. ಆದರೆ ಹಾಲಿನ ಸಂಘದ ಲೆಕ್ಕ, ಫೋಟೋ ಅಂಗಡಿಯ ಮದುವೆಚಿತ್ರಗಳು, ಶಾಲೆಯ ಅಂಕಪಟ್ಟಿ, ಮನೆಮನೆಯ ನೆನಪುಗಳು, ಇವೆಲ್ಲಕ್ಕೂ ಬೆಂಗಳೂರಿನ ಭದ್ರತೆಯೆಲ್ಲಿಯದು? ಅವು ಮೂಲೆಯ ಮೇಜಿನ ಮೇಲಿನ ಒಂದು ಕಪ್ಪು ಡಬ್ಬಿಯಲ್ಲಿರುತ್ತವೆ.

ಮಾತು ಕೊಂಚ ಶಾಸ್ತ್ರದ ಕಡೆಗೆ ತಿರುಗಬೇಕು. ವಾಚಕರು ಬೇಸರಿಸಬಾರದು.

ಸರ್ವರನ್ನು ಒಬ್ಬ ಚುರುಕಿನ ಗುಮಾಸ್ತನೆಂದು ಭಾವಿಸೋಣ. ಅವನ ತೊಡೆಯ ಮೇಲೊಂದು ಸ್ಲೇಟು, ಹಿಂದಿನ ಬೀರುವಿನಲ್ಲೊಂದು ದಪ್ಪ ಪುಸ್ತಕ. ಪುಸ್ತಕವೆಂದರೆ ಡಿಸ್ಕು: ಬರೆದುದು ಉಳಿಯುತ್ತದೆ, ಆದರೆ ಎದ್ದುಹೋಗಿ ಪುಟ ಹುಡುಕಿ ಬರೆಯಲು ಹೊತ್ತು ಹಿಡಿಯುತ್ತದೆ. ಸ್ಲೇಟೆಂದರೆ ಯಂತ್ರದ ಓಡುವ ಸ್ಮೃತಿ: ಕ್ಷಣದಲ್ಲಿ ಬರೆಯಬಹುದು, ಆದರೆ ವಿದ್ಯುತ್ತು ಇರುವತನಕ ಮಾತ್ರ ಅದರ ಆಯುಸ್ಸು. ಬಂದವರನ್ನೆಲ್ಲ ಕಾಯಿಸಬಾರದೆಂದು ಗುಮಾಸ್ತ ಸ್ಲೇಟಿನ ಮೇಲೆ ಗೀಚಿಕೊಂಡು “ಆಯಿತು, ಬರೆದೆ” ಎನ್ನುತ್ತಾನೆ. ಬಿಡುವಾದಾಗ ಪುಸ್ತಕಕ್ಕೆ ಏರಿಸುತ್ತಾನೆ. ಸರಿಯಾದ ರೀತಿಯಲ್ಲಿ ಯಂತ್ರವನ್ನು ಮುಚ್ಚುವುದೆಂದರೆ ಸ್ಲೇಟಿನಲ್ಲಿರುವುದನ್ನೆಲ್ಲ ಪುಸ್ತಕಕ್ಕೆ ಏರಿಸಲು ಅವನಿಗೆ ಅವಕಾಶ ಕೊಡುವುದು. ಕರೆಂಟು ಹಠಾತ್ತನೆ ಹೋಯಿತೋ, ಸ್ಲೇಟು ಒರೆಸಿಹೋಯಿತು. “ಬರೆದೆ” ಎಂದ ಮಾತಿಗೂ ಬರೆದ ಅಕ್ಷರಕ್ಕೂ ನಡುವೆ ಇರುವ ಆ ಎರಡು ಕ್ಷಣದ ಅಂತರದಲ್ಲಿಯೇ ಎಲ್ಲ ಅನಾಹುತವೂ ಅಡಗಿದೆ.

ಅಷ್ಟೇ ಆಗಿದ್ದರೆ ಕೊನೆಯ ಎರಡು ಸಾಲು ಹೋದುವೆಂದು ಸಮಾಧಾನ ಪಡಬಹುದಿತ್ತು. ಕಷ್ಟವಿರುವುದು ಅರ್ಧ ಆದ ಕೆಲಸದಲ್ಲಿ. ಎರಡು ಎಕರೆ ಹತ್ತು ಗುಂಟೆ ತೋಟ ಒಬ್ಬರಿಂದ ಇನ್ನೊಬ್ಬರಿಗೆ ಕ್ರಯವಾಯಿತೆನ್ನಿ. ಪಹಣಿಯ 9ನೆಯ ಕಾಲಮಿನಲ್ಲಿ ಮಾರಿದವರ ಹೆಸರು ತೆಗೆಯಬೇಕು, ಕೊಂಡವರ ಹೆಸರು ಸೇರಿಸಬೇಕು. ಸಾಲವಿದ್ದರೆ 11ನೆಯ ಕಾಲಮಿಗೂ ಕೈಹಾಕಬೇಕು. ತೆಗೆದಾಯಿತು, ಸೇರಿಸುವಷ್ಟರಲ್ಲಿ ದೀಪ ಆರಿತು ಎಂದರೆ ಆ ತೋಟ ಯಾರದು? ತ್ರಿಶಂಕುವಿಗಾದರೂ ಒಂದು ಸ್ವರ್ಗವಿತ್ತು.

ಇದಕ್ಕೆ ಪರಿಹಾರವೇನೆಂದು ಅಡಿಕೆ ಮಂಡಿಯ ಹಳೆಯ ಲೆಕ್ಕಿಗರನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು. ಅವರು ಎಂದೂ ನೇರವಾಗಿ ಖಾತೆಪುಸ್ತಕಕ್ಕೆ ಕೈಹಚ್ಚಿದವರಲ್ಲ. ಮೊದಲು ರೋಜು ಕಿರ್ದಿಯಲ್ಲಿ ಆ ದಿನದ ವ್ಯವಹಾರ ಬಂದ ಕ್ರಮದಲ್ಲಿಯೇ ಬರೆಯುವುದು; ಆಮೇಲೆ ಸಾವಕಾಶವಾಗಿ ಖಾತೆಗೆ ಏರಿಸುವುದು. ಖಾತೆಯ ಕೆಲಸ ನಡುವೆ ನಿಂತರೆ ಕಿರ್ದಿಯನ್ನು ನೋಡಿ ಮುಂದುವರಿಸಬಹುದು. ಕಿರ್ದಿಯ ಸಾಲೇ ಅರ್ಧಕ್ಕೆ ನಿಂತಿದ್ದರೆ ಅದನ್ನು ಹೊಡೆದುಹಾಕಿ ವ್ಯವಹಾರವೇ ನಡೆಯಲಿಲ್ಲವೆಂದು ತಿಳಿಯಬಹುದು. ಗಣಕಶಾಸ್ತ್ರದವರು ‘ಜರ್ನಲ್’ ಎಂದು ಕರೆಯುವುದು ಈ ರೋಜು ಕಿರ್ದಿಯನ್ನೇ. ದತ್ತಾಂಶ ಭಂಡಾರಗಳಲ್ಲಿ ಈ ಕಿರ್ದಿಯ ನೆರವಿನಿಂದ ಚೇತರಿಸಿಕೊಳ್ಳುವ ಪದ್ಧತಿಗಳಲ್ಲಿ ಬಹು ಪ್ರಸಿದ್ಧವಾದುದಕ್ಕೆ ‘ಏರಿಸ್’ ಎಂದು ಹೆಸರು. 1992ರಲ್ಲಿ ಅದನ್ನು ಪ್ರಕಟಿಸಿದ ತಂಡದ ಮೊದಲ ಹೆಸರು ಸಿ. ಮೋಹನ್; ಮದರಾಸಿನ ಐಐಟಿಯಲ್ಲಿ ಓದಿ ಐಬಿಎಂ ಸಂಸ್ಥೆಯ ಸಂಶೋಧನಾಲಯ ಸೇರಿದವರು.

ಎಲ್ಲವೂ ಈ ಕಿರ್ದಿಯಿಂದಲೇ ಸರಿಹೋಗುವುದೇ? ಇಲ್ಲ. ಕೆಲವು ಡಿಸ್ಕುಗಳು ತಮ್ಮ ಒಳಗೇ ಒಂದು ಪುಟ್ಟ ಸ್ಲೇಟು ಇಟ್ಟುಕೊಂಡು, ಕಿರ್ದಿಯ ಸಾಲನ್ನೂ ಅದರ ಮೇಲೆಯೇ ಗೀಚಿ, “ಬರೆದೆ” ಎಂದುಬಿಡುತ್ತವೆ. ಮತ್ತೊಂದು ತೊಡಕು ಹಲವು ಡಿಸ್ಕುಗಳ ಕೂಟದ್ದು. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಎಂದು ಬರೆದಿಟ್ಟರೆ, ಎರಡನೆಯದು ಕೆಟ್ಟರೂ ಹನ್ನೆರಡರಲ್ಲಿ ಏಳು ಕಳೆದು ಐದನ್ನು ಮರಳಿ ಪಡೆಯಬಹುದು. ಬಹಳ ಜಾಣ ಉಪಾಯ. ಆದರೆ ಏಳನ್ನು ಒಂಬತ್ತು ಮಾಡಿ, ಮೊತ್ತವನ್ನು ಹದಿನಾಲ್ಕು ಮಾಡುವ ಮೊದಲೇ ವಿದ್ಯುತ್ತು ಹೋದರೆ? ಆ ಹೊತ್ತಿಗೆ ಏನೂ ಕಾಣುವುದಿಲ್ಲ. ವರ್ಷದ ಮೇಲೆ ಎರಡನೆಯ ಡಿಸ್ಕು ಕೆಟ್ಟಾಗ ಹನ್ನೆರಡರಲ್ಲಿ ಒಂಬತ್ತು ಕಳೆದು, ಮೂರು ಎಂದು ಧೈರ್ಯವಾಗಿ ಹೇಳುತ್ತದೆ ಯಂತ್ರ. ಯಾರೂ ಮುಟ್ಟದ ಐದು, ಯಾರಿಗೂ ತಿಳಿಯದಂತೆ ಮೂರಾಗಿರುತ್ತದೆ.

ಸರಿಪಡಿಸುವ ಸಾಧನಗಳೂ ಇವೆ. ವಿದ್ಯುತ್ತು ಮರಳಿದ ಮೇಲೆ ಅವು ಪುಸ್ತಕದ ಪುಟಗಳನ್ನೂ ಅನುಕ್ರಮಣಿಕೆಯನ್ನೂ ತಾಳೆ ನೋಡುತ್ತವೆ. ತಾಳೆ ಬೀಳದುದನ್ನು ಹೊಡೆದುಹಾಕುತ್ತವೆ. ಕೊನೆಗೆ ಎಲ್ಲವೂ ಸರಿಯಾಗಿದೆ ಎನ್ನುತ್ತವೆ. ಇಲ್ಲಿಯೇ ಗೃಹಸ್ಥನು ಎಚ್ಚರವಹಿಸಬೇಕು. ಲೆಕ್ಕ ತಾಳೆಯಾಗುವುದು ಬೇರೆ, ಲೆಕ್ಕ ನಿಜವಾಗಿರುವುದು ಬೇರೆ. ಹತ್ತು ಜನರ ಪಂಕ್ತಿಯಲ್ಲಿ ಒಂಬತ್ತೇ ಎಲೆಯಿದ್ದರೆ ಒಬ್ಬರನ್ನು ಎಬ್ಬಿಸಿ ಕಳುಹಿಸಿದರೂ ಲೆಕ್ಕ ತಾಳೆಯಾಗುತ್ತದೆ. ಎದ್ದುಹೋದವರು ಯಾರೆಂದು ಆ ಸಾಧನವನ್ನು ಕೇಳಿ ಫಲವಿಲ್ಲ; ಅದು ಎಲೆಗಳನ್ನು ಎಣಿಸಬಲ್ಲುದೇ ಹೊರತು ನೆಂಟರನ್ನು ಗುರುತಿಸಲಾರದು. ಪುಟವಿದ್ದು ಹೆಸರು ಅಳಿಸಿಹೋದ ಕಡತಗಳನ್ನು ಮಾತ್ರ ಅದು ದಯದಿಂದ ಒಂದೆಡೆ ಕೂಡಿಸಿ, ಒಂದೊಂದಕ್ಕೂ ಒಂದು ಅಂಕೆ ಅಂಟಿಸಿ ಇಡುತ್ತದೆ. ‘ಲಾಸ್ಟ್ ಅಂಡ್ ಫೌಂಡ್’ ಎಂದು ಆ ಜಾಗದ ಹೆಸರು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಪೊಲೀಸ್ ಚೌಕಿಯಲ್ಲಿ ಕೂರಿಸಿದಂತೆ. ನೀಲಿ ಅಂಗಿ, ನಾಲ್ಕು ವರ್ಷದ ಗಂಡುಮಗು ಎಂದು ಮೈಕಿನಲ್ಲಿ ಕೂಗಬಹುದು. ಹೆಸರು ಹೇಳಲು ಹೆತ್ತವರೇ ಬರಬೇಕು.

ಇದು ಹಳ್ಳಿಯ ಹಣೆಬರಹವೆಂದು ಪಟ್ಟಣಿಗರು ಮರುಗಬೇಕಾಗಿಲ್ಲ. 2015ರ ಆಗಸ್ಟಿನಲ್ಲಿ ಬೆಲ್ಜಿಯಂ ದೇಶದ ಗೂಗಲ್ ಕೇಂದ್ರಕ್ಕೆ ವಿದ್ಯುತ್ತು ಒದಗಿಸುವ ಜಾಲದ ಮೇಲೆ ನಾಲ್ಕು ಸಲ ಸಿಡಿಲೆರಗಿತು. ಬ್ಯಾಟರಿಗಳಿದ್ದುವು, ಆದರೆ ಕೆಲವು ಸೋತುವು. ಆಗತಾನೆ ಬರೆದಿದ್ದ ದತ್ತಾಂಶದಲ್ಲಿ ಒಂದಿಷ್ಟು ಮರಳಿ ಬರಲೇ ಇಲ್ಲ. ಎಷ್ಟು? ಸಂಗ್ರಹದ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಮೆ. ಆ ಪಾಲು ಯಾರದೋ ಅವರಿಗೆ ಮಾತ್ರ ಅದು ನೂರಕ್ಕೆ ನೂರು. ದಕ್ಷಿಣ ಕೊರಿಯದ ಕಥೆ ಇನ್ನೂ ವಿಚಿತ್ರ. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ, ವಿದ್ಯುತ್ತು ಹೋದಾಗ ಕಾಪಾಡಲೆಂದು ಇಟ್ಟಿದ್ದ ಬ್ಯಾಟರಿಯಿಂದಲೇ ಬೆಂಕಿ ಎದ್ದಿತು. ಅಧಿಕಾರಿಗಳ ಕಡತಗಳಿದ್ದ 858 ಟೆರಾಬೈಟುಗಳ ಭಂಡಾರ ಸುಟ್ಟುಹೋಯಿತು. ಬಹಳ ದೊಡ್ಡದೆಂಬ ಕಾರಣದಿಂದ ಅದಕ್ಕೆ ಬೇರೆಡೆ ಪ್ರತಿಯನ್ನೇ ಇಟ್ಟಿರಲಿಲ್ಲ!

ಹಾಗಲವಾಡಿಯ ಕಡೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟರ ಮನೆಯಲ್ಲಿ ನಡೆದುದು ಇಷ್ಟು ದೊಡ್ಡ ಸಂಗತಿಯಲ್ಲ. ಇಪ್ಪತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ಸೋಬಾನೆ, ರಾಗಿ ಬೀಸುವ ಪದ, ತತ್ವಪದಗಳನ್ನು ಅವರು ಧ್ವನಿಮುದ್ರಿಸಿಕೊಂಡಿದ್ದರು. ಮೊದಲು ಕ್ಯಾಸೆಟ್ಟು, ಆಮೇಲೆ ಮೊಬೈಲು. ಎಲ್ಲವನ್ನೂ ಎರಡು ಡಿಸ್ಕುಗಳ ಒಂದು ಸಂಗ್ರಹ ಸರ್ವರಿಗೆ ತುಂಬಿದ್ದರು. ಒಂದರಲ್ಲಿ ಬರೆದುದೇ ಕನ್ನಡಿಯಲ್ಲಿ ಕಂಡಂತೆ ಇನ್ನೊಂದರಲ್ಲಿಯೂ ಇರುವ ವ್ಯವಸ್ಥೆ. ಹಾಡಿದವರಲ್ಲಿ ಅರ್ಧದಷ್ಟು ಮಂದಿ ಈಗ ಇಲ್ಲ. ಒಂದು ಬೇಸಗೆಯ ಸಂಜೆ ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಯುಪಿಎಸ್ ಎರಡು ನಿಮಿಷ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿಗೆ ವಯಸ್ಸಾಗಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ.

ಬೆಳಗ್ಗೆ ನೋಡಿದರೆ ಹಾಡಿನ ಭಂಡಾರ ತೆರೆಯಲೊಲ್ಲದು. ಪರದೆಯ ಮೇಲೆ ಒಂದೇ ಪ್ರಶ್ನೆ: ಸರಿಪಡಿಸಲೇ?

“ಹೂಂ ಅನ್ನಿ ಅಂದ್ರೆ. ಪಾಪ, ಕೇಳ್ತಾ ಇದೆಯಲ್ಲ,” ಎಂದರು ಮನೆಯಾಕೆ.

ಮೇಷ್ಟರು ಬೆರಳೆತ್ತಿದವರು ತಡೆದು, ತುಮಕೂರಿನಲ್ಲಿ ಇದೇ ಉದ್ಯೋಗದಲ್ಲಿರುವ ಸೋದರಳಿಯನಿಗೆ ಫೋನು ಮಾಡಿದರು.

“ಏನೂ ಒತ್ತಬೇಡಿ ಮಾವ. ಆಫ್ ಮಾಡಿ ಬಿಟ್ಬಿಡಿ. ಮತ್ತೆ ಮತ್ತೆ ಹಾಕಿ ನೋಡೋಕೂ ಹೋಗ್ಬೇಡಿ.”

“ಹಾಗಾದ್ರೆ ಏನೋ ಮಾಡೋದು?”

“ಏನೂ ಮಾಡದೆ ಇರೋದೇ ಮೊದಲ್ನೇ ಕೆಲ್ಸ. ನಾಳೆ ಬರ್ತೀನಿ.”

ಬಂದವನು ಚೀಲದಲ್ಲಿ ಖಾಲಿ ಡಿಸ್ಕುಗಳನ್ನು ತಂದಿದ್ದ. ಡಬ್ಬಿಯ ಎರಡು ಡಿಸ್ಕುಗಳನ್ನು ಹೊರತೆಗೆದು, ಯಾವುದು ಯಾವ ಮನೆಯದೆಂದು ಚೀಟಿ ಅಂಟಿಸಿದ. ಇವುಗಳ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ, ಮೊದಲು ಇದ್ದುದನ್ನು ಇದ್ದಂತೆ ನಕಲು ಮಾಡಿಕೊಳ್ಳುವುದು, ತೀಡುವುದು ತಿದ್ದುವುದು ಏನಿದ್ದರೂ ನಕಲಿನ ಮೇಲೆ ಎಂದ. ಮೇಷ್ಟರಿಗೆ ಈ ಕ್ರಮ ಒಡನೆಯೇ ಹಿಡಿಸಿತು. ಶಾಸನ ಓದುವವರು ಕಲ್ಲಿನ ಮೇಲೆ ಉಳಿ ಆಡಿಸುವುದುಂಟೇ? ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ; ಚರ್ಚೆಯೆಲ್ಲ ಆ ಕಾಗದದ ಮೇಲೆ. 1904ರಲ್ಲಿ ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಅಚ್ಚುಹಾಕಿದ ಮೇಲೂ ಸಂದೇಹ ಬಂದಾಗ ಮತ್ತೆ ಓದಿ ನೋಡಲು ಕಲ್ಲು ಕಲ್ಲಾಗಿಯೇ ಉಳಿದಿತ್ತು.

ನಕಲು ತೆಗೆಯಲು ಒಂದೊಂದು ಡಿಸ್ಕಿಗೂ ಐದಾರು ಗಂಟೆ. ಅಷ್ಟರಲ್ಲಿ ಕರೆಂಟು ಎರಡು ಸಲ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅವನು ಬಳಸಿದ ಸಾಧನ ಎಲ್ಲಿಯವರೆಗೆ ಓದಿದೆ, ಎಲ್ಲಿ ಓದಲಾಗಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಗುರುತಿಟ್ಟುಕೊಳ್ಳುವಂಥದು, ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತಿತ್ತು. ಓದಲಾಗದ ಎಡೆಯನ್ನು ತನಗೆ ತೋಚಿದುದರಿಂದ ತುಂಬದೆ ಖಾಲಿಯೆಂದೇ ಬರೆದುಕೊಳ್ಳುತ್ತಿತ್ತು. ತಾಳೆಗರಿಯ ಪ್ರತಿಯಲ್ಲಿ ಹುಳು ತಿಂದ ಎಡೆಗೆ ಸಂಪಾದಕರು ‘ಗ್ರಂಥಪಾತ’ ಎಂದು ಗುರುತು ಹಾಕುವುದಿಲ್ಲವೇ, ಹಾಗೆ.

ನಕಲು ಸಿದ್ಧವಾದ ಮೇಲೆ, ಅತ್ತೆಯ ಮಾತೇಕೆ ಮೀರಬೇಕೆಂದು, ಮೊದಲನೆಯ ಡಿಸ್ಕಿನ ನಕಲಿನ ಮೇಲೆ “ಹೂಂ, ಸರಿಪಡಿಸು” ಎಂದ. ಹತ್ತು ನಿಮಿಷದಲ್ಲಿ ಎಲ್ಲವೂ ಕ್ಷೇಮವೆಂದು ಪರದೆ ಸಾರಿತು. ತೆರೆದು ನೋಡಿದರೆ ಕ್ಷೇಮವೇನೋ ಹೌದು. ಸೋಬಾನೆ, ತತ್ವಪದ ಎಂಬ ಎರಡು ವಿಭಾಗಗಳೇ ಇರಲಿಲ್ಲ! ಅವುಗಳ ಅನುಕ್ರಮಣಿಕೆಯ ಹಾಳೆ ಕೆಟ್ಟಿದ್ದುದರಿಂದ ಸಾಧನವು ಹಾಳೆಯನ್ನೇ ಕಿತ್ತುಹಾಕಿ ಲೆಕ್ಕವನ್ನು ತಾಳೆ ಮಾಡಿಬಿಟ್ಟಿತ್ತು. ಹಾಡುಗಳೆಲ್ಲ ಅಂಕೆ ಹೊತ್ತು ‘ಲಾಸ್ಟ್ ಅಂಡ್ ಫೌಂಡ್’ ಚೌಕಿಯಲ್ಲಿ ಕುಳಿತಿದ್ದವು. ಹೆಸರಿಲ್ಲ, ಊರಿಲ್ಲ, ಹಾಡಿದವರಾರೆಂದು ಇಲ್ಲ. ಮನೆಯಾಕೆ ಮೆಲ್ಲನೆ ಅಡಿಗೆಮನೆಗೆ ಹೋದರು.

ಆಗ ಎರಡನೆಯ ಡಿಸ್ಕು ನೆನಪಾಯಿತು. ಕನ್ನಡಿಯ ಜೋಡಿಯೆಂದ ಮೇಲೆ ಅದೂ ಹೀಗೆಯೇ ಕೆಟ್ಟಿರಬೇಕಷ್ಟೆ. ಪರೀಕ್ಷಿಸಿದರೆ ಅದರ ಎಣಿಕೆ ಒಂದು ವಾರ ಹಿಂದುಳಿದಿತ್ತು. ಹಿಂದಿನ ವಾರದ ಇನ್ನೊಂದು ಕರೆಂಟು ಕಡಿತದಲ್ಲಿ ಅದು ಜೋಡಿಯಿಂದ ಕಳಚಿಕೊಂಡಿತ್ತು. ಅಂದಿನಿಂದಲೂ ಡಬ್ಬಿಯ ಮುಂದೆ ಹಳದಿ ದೀಪ ಮಿನುಗುತ್ತಲೇ ಇದ್ದಿತು. ಮನೆಯಾಕೆ ದಿನವೂ ಬಟ್ಟೆಯಿಂದ ಅದರ ಧೂಳು ಒರೆಸುತ್ತಲೂ ಇದ್ದರು. ನಿರ್ಲಕ್ಷ್ಯದಿಂದ ಉಪಕಾರವಾದ ಸಂದರ್ಭಗಳು ಲೋಕದಲ್ಲಿ ಅಪರೂಪ, ಇದು ಅಂಥದೊಂದು. ವಾರದ ಹಿಂದಿನ ಆ ಡಿಸ್ಕಿನಲ್ಲಿ ಅನುಕ್ರಮಣಿಕೆಯ ಹಾಳೆ ಅಚ್ಚಳಿಯದೆ ಇದ್ದಿತು: ಯಾವ ಅಂಕೆಗೆ ಯಾವ ಹೆಸರು ಎಂಬ ಪಟ್ಟಿ ಸಹಿತ. ಹಳೆಯ ಪ್ರತಿಯಿಂದ ಹೆಸರು, ಹೊಸ ಪ್ರತಿಯಿಂದ ಪಾಠ. ಸೋದರಳಿಯ ಅಂಕೆಯನ್ನು ಓದುವುದು, ಮೇಷ್ಟರು ಹೆಸರು ಹುಡುಕಿ ಹೇಳುವುದು, ಹೀಗೆ ಎರಡು ರಾತ್ರಿ ಕಳೆದವು. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ವಿದ್ಯೆ ಮೈಸೂರಿನ ಎಂ.ಎ. ತರಗತಿಯಲ್ಲಿ ಕಲಿತುದು, ಇಲ್ಲಿ ಕೈಹಿಡಿಯುವುದೆಂದು ಅವರೂ ಎಣಿಸಿರಲಾರರು.

ಆ ಒಂದು ವಾರದಲ್ಲಿ ಸೇರಿದ್ದ ಹಾಡುಗಳಿಗೆ ಹಳೆಯ ಪಟ್ಟಿ ನೆರವಾಗಲಿಲ್ಲ. ಅವನ್ನು ಕೇಳಿಯೇ ಗುರುತಿಸಿದರು. ಕೊನೆಗೆ ಉಳಿದುದು ಒಂದು. ಅದರ ಕಥೆ ಬೇರೆಯವುಗಳಿಗೆ ತಿರುಗುಮುರುಗು: ಹೆಸರಿತ್ತು, ತಾರೀಖಿತ್ತು, ಗಾತ್ರ ಮಾತ್ರ ಸೊನ್ನೆ. ಗಾಳಿಮಳೆಯ ಆ ಸಂಜೆಯೇ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರಿಂದ ಹಾಡಿಸಿಕೊಂಡು ಬಂದು, ಮೊಬೈಲಿನಿಂದ ಡಬ್ಬಿಗೆ ಸಾಗಿಸಿ, ಮೊಬೈಲಿನಲ್ಲಿ ಜಾಗವಿಲ್ಲವೆಂದು ಅಳಿಸಿಹಾಕಿದ್ದರು. ಹೆಸರು ಪುಸ್ತಕಕ್ಕೆ ಏರಿತ್ತು. ಹಾಡು ಇನ್ನೂ ಸ್ಲೇಟಿನ ಮೇಲಿತ್ತು.

ಮೇಷ್ಟರು ಮರುದಿನ ಅಜ್ಜಿಯ ಮನೆಗೆ ಹೋದರು.

“ಅವತ್ತು ಹಾಡಿದ್ದು ಯಾವ್ದು ಅಂತ ನಂಗೇನ್ ನೆಪ್ಪೈತೆ ಮೇಷ್ಟ್ರೆ? ನೀವೇ ಹಿಡ್ಕೊಂಡ್ ಹೋದ್ರಲ್ಲ,” ಎಂದರು ಅಜ್ಜಿ.

ಹಾಡಿನ ಮೊದಲ ಸಾಲನ್ನಾದರೂ ಮೇಷ್ಟರು ಕಾಗದದಲ್ಲಿ ಬರೆದುಕೊಂಡಿರಲಿಲ್ಲ. ಅಜ್ಜಿ ಬೇಸರಪಟ್ಟುಕೊಳ್ಳದೆ ಮೂರು ಹಾಡು ಹೇಳಿದರು. ಮೂರೂ ಚೆನ್ನಾಗಿದ್ದವು, ಆ ಸಂಜೆಯದು ಅವುಗಳಲ್ಲಿ ಇರಲಿಲ್ಲ. ಮೂರೂ ಈಗ ಮೊಬೈಲಿನಲ್ಲಿವೆ, ಹೊಸ ಬ್ಯಾಟರಿಯ ಬೆಂಬಲವಿರುವ ಡಬ್ಬಿಯಲ್ಲಿವೆ, ತುಮಕೂರಿನ ಸೋದರಳಿಯನ ಮನೆಯಲ್ಲಿಯೂ ಇವೆ. ಕೊನೆಯಲ್ಲಿ ಎಲ್ಲವನ್ನೂ ಚೊಕ್ಕಟ ಮಾಡುತ್ತ ಅವನು, “ಈ ಸೊನ್ನೆ ಗಾತ್ರದ ಫೈಲು ಅಳಿಸ್ಬಿಡ್ಲಾ ಮಾವ?” ಎಂದು ಕೇಳಿದ.

“ಬೇಡ ಕಣೋ, ಅಲ್ಲೇ ಇರ್ಲಿ,” ಎಂದರು ಮೇಷ್ಟರು.